ಒಂದರ ಮೇಲೊಂದು ಕೂತ ಧ್ರುವದ ಮೋಡಗಳು: ನಡುವಿನ ಖಾಲಿ ಜಾಗ ಯಾಕೆ ಮುಖ್ಯ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕು, ಅಡಿಕೆ ತೋಟ. ಮಗಳು ಶಿವಮೊಗ್ಗದಲ್ಲಿ ಬಿಎಸ್ಸಿ ಓದುತ್ತಿದ್ದಾಳೆ. ಧ್ರುವ ಪ್ರದೇಶದ ಮೋಡಗಳಲ್ಲಿ ಮೈನಸ್ 20 ಡಿಗ್ರಿಯಲ್ಲೂ ನೀರು ನೀರಾಗಿಯೇ ಇರುತ್ತದೆ, ಅದರ ಜೊತೆಗೇ ಹಿಮವೂ ಇರುತ್ತದೆ, ಅಂಥ ಮೋಡಗಳು ಎರಡು ಮೂರು ಪದರವಾಗಿ ನಿಂತು ಒಂದರ ಮೇಲೊಂದು ಪರಿಣಾಮ ಬೀರುತ್ತವೆ ಎಂದು ಅವಳು ಓದಿ ಹೇಳಿದಳು. ಅಷ್ಟು ಚಳಿಯಲ್ಲಿ ನೀರು ಹೇಗೆ ಉಳಿಯುತ್ತದೆ? ನಡುವೆ ಅರ್ಧ ಕಿಲೋಮೀಟರ್ ಖಾಲಿ ಇದ್ದರೂ ಮೇಲಿನ ಮೋಡ ಕೆಳಗಿನದನ್ನು ಹೇಗೆ ಮುಟ್ಟುತ್ತದೆ? ಮಳೆಗಾಲದಲ್ಲಿ ಕೊಡಚಾದ್ರಿ ಸುತ್ತ ಎರಡು ಮೂರು ಪದರ ಮೋಡ ನೋಡುತ್ತೇವಲ್ಲ, ಅಲ್ಲೂ ಇದೇ ನಡೆಯುತ್ತದಾ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಲ್ಲಿ ಗಟ್ಟಿಯಾದದ್ದು ಎರಡನೆಯದು. ಆದರೆ ಮೊದಲನೆಯದನ್ನು ದಾಟದೆ ಅಲ್ಲಿಗೆ ಹೋಗಲು ಆಗುವುದಿಲ್ಲ. ಹಾಗಾಗಿ ಅಲ್ಲಿಂದಲೇ ಹಿಡಿಯೋಣ.

ಸೊನ್ನೆ ಡಿಗ್ರಿಗೆ ನೀರು ಹೆಪ್ಪುಗಟ್ಟುತ್ತದೆ ಅಂತ ಎಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಫ್ರಿಜ್ಜಿನ ಟ್ರೇ, ಕೆರೆ, ಬಕೆಟ್ಟು ಇವಕ್ಕೆಲ್ಲ ಹೆಚ್ಚುಕಮ್ಮಿ ಅದು ಸರಿ. ಮೋಡದ ಹನಿಗೆ ಸರಿಯಲ್ಲ. ಮೋಡದ ಹನಿ ಎಂದರೆ ಮಿಲಿಮೀಟರಿನ ನೂರನೇ ಒಂದೆರಡು ಭಾಗದಷ್ಟು ಅಗಲದ್ದು. ಅಷ್ಟು ಸಣ್ಣ, ಚೊಕ್ಕ ಹನಿ ತನ್ನಷ್ಟಕ್ಕೆ ತಾನೇ ಹಿಮವಾಗಬೇಕಾದರೆ ಮೈನಸ್ 38 ಡಿಗ್ರಿ ಹತ್ತಿರ ಇಳಿಯಬೇಕು. ಅದಕ್ಕೂ ಮೊದಲೇ ಹೆಪ್ಪುಗಟ್ಟಬೇಕು ಅಂದರೆ ಒಳಗೊಂದು ಕಣ ಬೇಕು. ನೀರಿನ ಅಣುಗಳು ಸಾಲಾಗಿ ಕೂರಲು ಅದು ಜಾಗ ಕೊಡಬೇಕು. ಇದನ್ನು ಹಿಮಬೀಜ ಎನ್ನೋಣ. ಬಕೆಟ್ಟಿನ ನೀರಿನಲ್ಲಿ ಇಂಥ ಕಣಗಳು ಎಷ್ಟು ಬೇಕಾದರೂ ಇರುತ್ತವೆ. ಹನಿಯೊಂದರಲ್ಲಿ ಒಂದಾದರೂ ಸಿಗುವುದು ಅಪರೂಪ.

ಯಾವ ಕಣ ಬೀಜವಾಗುತ್ತದೆ? ಮರುಭೂಮಿಯ ದೂಳು, ಜೇಡಿಮಣ್ಣಿನ ಪುಡಿ, ಸಮುದ್ರದ ನೊರೆಯಿಂದ ಹಾರಿದ ಜೈವಿಕ ಚೂರು. ಎಲೆಗಳ ಮೇಲೆ ಬದುಕುವ ಸ್ಯೂಡೋಮೊನಾಸ್ ಸಿರಿಂಜೆ ಎಂಬ ಬ್ಯಾಕ್ಟೀರಿಯಾ ಇದೆ. ಅದಕ್ಕೆ ಮೈನಸ್ 2 ಡಿಗ್ರಿಯೇ ಸಾಕು, ನೀರನ್ನು ಹೆಪ್ಪುಗಟ್ಟಿಸಿಬಿಡುತ್ತದೆ. ಉಳಿದ ಬಹುಪಾಲು ಕಣಗಳಿಗೆ ಮೈನಸ್ 15, ಮೈನಸ್ 20 ಬೇಕು. ಧ್ರುವದ ಕಡೆ, ಅದರಲ್ಲೂ ಚಳಿಗಾಲದಲ್ಲಿ, ನೆಲವೆಲ್ಲ ಹಿಮದ ಅಡಿ. ಸಮುದ್ರದ ಮೇಲೂ ಹಿಮದ ಹೊದಿಕೆ. ದೂಳು ಎಲ್ಲಿಂದ ಬರಬೇಕು? ಅಲ್ಲಿನ ಒಂದು ಸಾಮಾನ್ಯ ಮೋಡದಿಂದ ಒಂದು ಲೀಟರ್ ಗಾಳಿ ತೆಗೆದರೆ ಐವತ್ತು ಸಾವಿರದ ಆಸುಪಾಸಿನಲ್ಲಿ ನೀರಿನ ಹನಿ ಸಿಗಬಹುದು. ಹಿಮದ ಹರಳು ಒಂದೋ ಎರಡೋ. ಈ ಲೆಕ್ಕ ನೆನಪಿನಲ್ಲಿರಲಿ, ಮುಂದಿನ ಕಥೆಯೆಲ್ಲ ಇದರ ಮೇಲೇ ನಿಂತಿದೆ.

ಯಾಕೆಂದರೆ ಆ ಒಂದು ಹರಳು ಸುಮ್ನೆ ಕೂರುವುದಿಲ್ಲ. ಮೈನಸ್ 15 ಡಿಗ್ರಿಯಲ್ಲಿ ಗಾಳಿಯೊಳಗಿನ ಆವಿಯ ಒತ್ತಡ ಸುಮಾರು 1.91 ಹೆಕ್ಟೋಪಾಸ್ಕಲ್ ಮುಟ್ಟುವವರೆಗೆ ನೀರಿನ ಹನಿ ಆರುತ್ತಲೇ ಇರುತ್ತದೆ. ಹಿಮಕ್ಕೆ ಆ ಗಡಿ 1.65. ಅಂದರೆ ಆವಿ ಈ ಎರಡು ಅಂಕಿಗಳ ನಡುವೆ ಇದ್ದರೆ ಅದೇ ಗಾಳಿ ಹನಿಗೆ ಒಣ, ಹರಳಿಗೆ ಒದ್ದೆ. ಹನಿ ಆರುತ್ತದೆ, ಆರಿದ ಆವಿ ಹರಳಿನ ಮೈಗೆ ಬಂದು ಅಂಟುತ್ತದೆ. ಹರಳು ದಪ್ಪಗಾಗಿ ಕೆಳಗೆ ಬೀಳುತ್ತದೆ. ಹೀಗೊಂದು ಸಾಧ್ಯತೆ ಇದೆ ಎಂದು ಜರ್ಮನಿಯ ಆಲ್ಫ್ರೆಡ್ ವೆಗೆನರ್ 1911ರಲ್ಲೇ ಬರೆದಿದ್ದರು. ಖಂಡಗಳು ಸರಿಯುತ್ತವೆ ಎಂದರಲ್ಲ, ಅದೇ ವೆಗೆನರ್.

ಇದು ಮಳೆಗೆ ಎಷ್ಟು ಮುಖ್ಯ ಎಂದು ಹೊಳೆದದ್ದು ಸ್ವೀಡನ್ನಿನ ಟೋರ್ ಬೆರ್ಜೆರಾನ್‌ಗೆ. 1922ರ ಫೆಬ್ರವರಿ. ನಾರ್ವೆಯ ಓಸ್ಲೋ ಹತ್ತಿರ ವೋಕ್ಸೆನ್‌ಕೋಲೆನ್ ಎಂಬ ಗುಡ್ಡದ ಮೇಲೆ ಅವರು ವಿಶ್ರಾಂತಿಗೆ ಉಳಿದುಕೊಂಡಿದ್ದರು. ಫರ್ ಮರಗಳ ನಡುವಿನ ದಾರಿಯಲ್ಲಿ ನಡೆಯುವಾಗ ಒಂದು ವಿಚಿತ್ರ ಗಮನಿಸಿದರು. ಗುಡ್ಡಕ್ಕೆ ಮೋಡ ಮುತ್ತಿದ ದಿನ ಚಳಿ ಸೊನ್ನೆಗಿಂತ ಚೆನ್ನಾಗಿ ಕೆಳಗಿದ್ದರೆ, ಮರಗಳ ನಡುವಿನ ದಾರಿಗೆ ಮಂಜು ಇಳಿಯುತ್ತಲೇ ಇರಲಿಲ್ಲ. ಸೊನ್ನೆಗಿಂತ ಮೇಲಿದ್ದ ದಿನ ನೆಲದವರೆಗೂ ತುಂಬಿಕೊಳ್ಳುತ್ತಿತ್ತು. ಚಳಿ ದಿನಗಳಲ್ಲಿ ಕೊಂಬೆ ತುಂಬ ಹಿಮದ ಮುಳ್ಳು ಇರುತ್ತಿತ್ತು. ಆ ಹಿಮವೇ ಮಂಜಿನ ಹನಿಗಳ ಆವಿಯನ್ನೆಲ್ಲ ಹೀರಿ ದಾರಿಯನ್ನು ತಿಳಿಯಾಗಿಸಿತ್ತು. ಆಗುಂಬೆ ಘಾಟಿಯಲ್ಲಿ ಜುಲೈ ತಿಂಗಳ ಮಂಜಿನೊಳಗೆ ಗಾಡಿ ಓಡಿಸಿದವರಿಗೆ ಇದು ಹೊಟ್ಟೆಕಿಚ್ಚು ತರಿಸುವ ಸಂಗತಿ. ನಮ್ಮ ಮರಗಳಿಗೆ ಆ ಭಾಗ್ಯ ಇಲ್ಲ.

ಈಗ ಮಗಳು ಕೇಳಬೇಕಾದ ಪ್ರಶ್ನೆ ಇದು. ಹಿಮ ಹೀಗೆ ನೀರನ್ನು ತಿಂದುಹಾಕುವುದಾದರೆ ನೀರು-ಹಿಮ ಬೆರೆತ ಮೋಡ ಕೆಲವು ಗಂಟೆಗಳಲ್ಲೇ ಪೂರ್ತಿ ಹಿಮವಾಗಿ ಉದುರಿಹೋಗಬೇಕಲ್ವಾ? ಲೆಕ್ಕದ ಪ್ರಕಾರ ಹೌದು. ಆದರೆ ಉತ್ತರ ಧ್ರುವದ ಕಡೆ ಇಂಥ ಮೋಡಗಳು ದಿನಗಟ್ಟಲೆ ಹಾಗೇ ನಿಲ್ಲುತ್ತವೆ. ಇಷ್ಟು ತೆಳು ಮೋಡ ಇಷ್ಟು ದಿನ ಹೇಗೆ ಬದುಕುತ್ತದೆ ಎನ್ನುವುದು ಈ ಕ್ಷೇತ್ರದಲ್ಲಿ ಇರುವವರನ್ನು ಬಹಳ ಕಾಲ ಕಾಡಿದ ಪ್ರಶ್ನೆ.

ತೆಳು ಎಂದರೆ ಎಷ್ಟು ತೆಳು? ದಪ್ಪ ಕೆಲವು ನೂರು ಮೀಟರ್. ಒಂದು ಚದರ ಮೀಟರ್ ನೆಲದ ಮೇಲಿನ ಮೋಡದ ನೀರನ್ನೆಲ್ಲ ಹಿಂಡಿ ತೆಗೆದರೆ ಎಷ್ಟೋ ಸಲ 100 ಗ್ರಾಂ ಕೂಡ ಆಗುವುದಿಲ್ಲ. ನೆಲದ ಮೇಲೆ ಹರಡಿದರೆ 0.1 ಮಿಲಿಮೀಟರ್. ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಹೊಯ್ಯುವ ಆಗುಂಬೆಯವರು ಇದನ್ನು ಮೋಡ ಎಂದು ಒಪ್ಪುತ್ತಾರೋ ಇಲ್ಲವೋ.

ಅದು ಬದುಕುವುದು ತನ್ನ ತಲೆ ತಣ್ಣಗಾಗುವುದರಿಂದ. ನೀರಿನ ಹನಿಗಳ ಪದರ ಶಾಖವನ್ನು ಚೆನ್ನಾಗಿ ಹೊರಬಿಡುತ್ತದೆ. ಮೇಲೆ ಒಣ, ಬರಿ ಆಕಾಶ ಇದ್ದರೆ ಬಿಟ್ಟ ಶಾಖಕ್ಕೆ ತಕ್ಕಷ್ಟು ವಾಪಸ್ ಬರುವುದಿಲ್ಲ. ಹಾಗಾಗಿ ಮೋಡದ ನೆತ್ತಿಯ ಕೆಲವೇ ಹತ್ತು ಮೀಟರ್ ದಪ್ಪದ ಗಾಳಿ ದಿನಕ್ಕೆ ಹತ್ತಾರು ಡಿಗ್ರಿ ಲೆಕ್ಕದಲ್ಲಿ ತಣಿಯುತ್ತದೆ. ತಣಿದ ಗಾಳಿ ಭಾರ. ಅದು ಕೆಳಗಿಳಿಯುತ್ತದೆ, ಬದಲಿಗೆ ಕೆಳಗಿನದು ಮೇಲೇಳುತ್ತದೆ. ಒಲೆ ಮೇಲಿಟ್ಟ ಪಾತ್ರೆ ಬುಡದಿಂದ ಕಾದು ಕುದಿಯುತ್ತದೆ, ಇದು ತಲೆಕೆಳಗಾದ ಪಾತ್ರೆ, ಬಾಯಿಯಿಂದ ತಣ್ಣಗಾಗಿ ಕುದಿಯುತ್ತದೆ. ಮೇಲೆದ್ದ ಗಾಳಿಯಲ್ಲಿ ಆವಿ ಮತ್ತೆ ಹನಿಯಾಗುತ್ತದೆ. ಹರಳುಗಳು ತಿಂದ ನೀರು ಹೀಗೆ ತುಂಬಿಕೊಳ್ಳುತ್ತಾ ಹೋಗುತ್ತದೆ. ಬೀಜ ಕಡಿಮೆ ಇರುವುದರಿಂದ ತಿನ್ನುವವರೂ ಕಡಿಮೆ. ಆದಾಯ ಖರ್ಚು ಹೇಗೋ ಸರಿದೂಗುತ್ತದೆ.

ಇನ್ನೊಂದು ಆದಾಯವೂ ಇದೆ. ನಮ್ಮ ಕಡೆ ಮೇಲೆ ಹೋದಷ್ಟೂ ಗಾಳಿಯಲ್ಲಿ ಆವಿ ಕಮ್ಮಿ. ಧ್ರುವದ ಕಡೆ ಎಷ್ಟೋ ಸಲ ಮೋಡದ ನೆತ್ತಿಯ ಮೇಲಿನ ಗಾಳಿಯಲ್ಲೇ ಕೆಳಗಿನದಕ್ಕಿಂತ ಜಾಸ್ತಿ ಆವಿ ಇರುತ್ತದೆ. ದಕ್ಷಿಣದಿಂದ ಬಂದ ಬೆಚ್ಚಗಿನ ಒದ್ದೆ ಗಾಳಿ ನೆಲದ ತಣ್ಣನೆ ಗಾಳಿಯ ಮೇಲೆ ಜಾರಿಕೊಂಡು ಬರುವುದೇ ಇದಕ್ಕೆ ಕಾರಣ. ಮೋಡ ಮೇಲಿನ ಗಾಳಿಯನ್ನು ಒಳಗೆ ಎಳೆದುಕೊಂಡರೆ ಒಣಗುವ ಬದಲು ಇನ್ನಷ್ಟು ಒದ್ದೆಯಾಗುತ್ತದೆ. ಎರಡನೇ ಮೋಡದ ಪದರ ಹುಟ್ಟುವುದೂ ಎಷ್ಟೋ ಸಲ ಇದೇ ಜಾರಿ ಬಂದ ಗಾಳಿಯಲ್ಲಿ.

ಇಷ್ಟಾಯಿತಲ್ಲ, ಈಗ ನಿಮ್ಮ ಎರಡನೇ ಪ್ರಶ್ನೆ. ಈ ಮೋಡದ ಮೇಲೆ ಇನ್ನೊಂದು ಮೋಡ ಬಂದು ಕೂತರೆ ಏನಾಗುತ್ತದೆ?

ಮೇಲಿನದು ಕೆಳಗಿನದನ್ನು ಎರಡು ಬಗೆಯಲ್ಲಿ ಮುಟ್ಟುತ್ತದೆ. ಒಂದು ಶಾಖದಿಂದ, ಇನ್ನೊಂದು ಹಿಮದಿಂದ. ಶಾಖಕ್ಕೆ ದೂರದ ಹಂಗಿಲ್ಲ. ಹಿಮಕ್ಕೆ ದೂರವೂ ಮುಖ್ಯ, ದಾರಿಯ ಒಣತನವೂ ಮುಖ್ಯ.

ಶಾಖದ ಲೆಕ್ಕ ಮಗಳು ತಾನೇ ಮಾಡಬಹುದು, ಉಷ್ಣಾಂಶ ಇಷ್ಟಿದ್ದರೆ ಹೊರಬೀಳುವ ಶಾಖ ಎಷ್ಟು ಎಂದು ಹೇಳುವ ಸ್ಟೀಫನ್-ಬೋಲ್ಟ್ಸ್‌ಮನ್ ಸೂತ್ರ ಸಾಕು. ಮೈನಸ್ 15 ಡಿಗ್ರಿಯ ಗಾಢ ಮೋಡದ ನೆತ್ತಿ ಚದರ ಮೀಟರಿಗೆ ಸುಮಾರು 250 ವ್ಯಾಟ್ ಮೇಲಕ್ಕೆ ಬಿಡುತ್ತದೆ. ಮೇಲೆ ಮೈನಸ್ 25 ಡಿಗ್ರಿಯ ಇನ್ನೊಂದು ಗಾಢ ನೀರಿನ ಮೋಡ ಇದ್ದರೆ ಅದು ಕೆಳಕ್ಕೆ ಬಿಡುವುದು ಸುಮಾರು 215 ವ್ಯಾಟ್. ಕೆಳಗಿನ ಮೋಡಕ್ಕೆ ನಿವ್ವಳ ನಷ್ಟ 35 ವ್ಯಾಟ್ ಮಾತ್ರ. ಬರಿ ಆಕಾಶವಿದ್ದಾಗಿನ ನಷ್ಟ ಇದಕ್ಕಿಂತ ಎಷ್ಟೋ ಜಾಸ್ತಿ. ಮಲೆನಾಡಿನಲ್ಲಿ ಇದು ಎಲ್ಲರಿಗೂ ಗೊತ್ತಿರುವುದೇ. ಜನವರಿಯಲ್ಲಿ ಆಕಾಶ ಶುಭ್ರವಾಗಿದ್ದ ರಾತ್ರಿ ಕೊರೆಯುತ್ತದೆ, ಬೆಳಗ್ಗೆ ತೋಟದಲ್ಲಿ ಸೋಗೆಯಿಂದ ಇಬ್ಬನಿ ತೊಟ್ಟಿಕ್ಕುತ್ತದೆ. ಮೋಡ ಮುಚ್ಚಿದ ರಾತ್ರಿ ಚಳಿ ಅಷ್ಟಿಲ್ಲ. ಅಲ್ಲಿ ಬೆಚ್ಚಗಾಗುವುದು ನೆಲ, ಧ್ರುವದಲ್ಲಿ ಬೆಚ್ಚಗಾಗುವುದು ಕೆಳಗಿನ ಮೋಡದ ನೆತ್ತಿ.

ನೆತ್ತಿ ತಣಿಯುವುದು ಕಡಿಮೆಯಾದರೆ ಕುದಿತ ಕಡಿಮೆ. ಕುದಿತ ಕಡಿಮೆಯಾದರೆ ಹೊಸ ಹನಿ ಹುಟ್ಟುವುದು ಕಡಿಮೆ. ಹರಳುಗಳು ತಿನ್ನುವುದು ಮಾತ್ರ ನಿಲ್ಲುವುದಿಲ್ಲ. ಹೀಗೆ ಕೆಳಗಿನ ಮೋಡ ಮೆಲ್ಲಗೆ ಸೊರಗುತ್ತದೆ. ಮೇಲಿನ ಪದರ ಒಂದು ಹನಿಯನ್ನೂ, ಒಂದು ಹರಳನ್ನೂ ಕೆಳಗೆ ಕಳಿಸದಿದ್ದರೂ ಇಷ್ಟು ಮಾಡಬಲ್ಲದು. ಅದೂ ಗಾಳಿಯಂತೆ ನಿಧಾನಕ್ಕಲ್ಲ. ಮೇಲೆ ಪದರ ಬಂದು ನಿಂತ ಕ್ಷಣದಿಂದಲೇ ಲೆಕ್ಕ ಬದಲಾಗುತ್ತದೆ, ಪರಿಣಾಮ ಕಾಣಲು ಗಂಟೆಗಳು ಬೇಕು, ಅಷ್ಟೇ. ಮೇಲಿನದು ತೆಳುವಾದ ಹಿಮದ ಮೋಡವಾಗಿದ್ದರೆ ಪರಿಣಾಮ ಕಡಿಮೆ, ಯಾಕೆಂದರೆ ಅದು ಅರೆಪಾರದರ್ಶಕ. ನೀರಿನ ಪದರವಾದರೆ ಪೂರ್ತಿ ಬಾಗಿಲು ಹಾಕಿದಂತೆಯೇ.

ಕೆಳಗಿನದೂ ಸುಮ್ಮನಿರುವುದಿಲ್ಲ. ಚಳಿಗಾಲದ ಧ್ರುವದಲ್ಲಿ ಹಿಮದ ನೆಲಕ್ಕಿಂತ ಅದರ ಮೇಲಿನ ಗಾಳಿಯೇ ಎಷ್ಟೋ ಸಲ ಬೆಚ್ಚಗಿರುತ್ತದೆ. ಆಗ ಕೆಳಗಿನ ಮೋಡ ನೆಲಕ್ಕಿಂತ ಜಾಸ್ತಿ ಶಾಖವನ್ನು ಮೇಲಿನ ಮೋಡದ ಹೊಟ್ಟೆಗೆ ಕಳಿಸುತ್ತದೆ. ಹೊಟ್ಟೆ ಬೆಚ್ಚಗೆ, ನೆತ್ತಿ ತಣ್ಣಗೆ. ಮೇಲಿನ ಮೋಡದೊಳಗಿನ ಕುದಿತಕ್ಕೆ ಅದರಿಂದ ಅನುಕೂಲವೇ. ಅಂದರೆ ಈ ಜೋಡಿಯಲ್ಲಿ ಲಾಭ ಮೇಲಿನವನಿಗೆ, ನಷ್ಟ ಕೆಳಗಿನವನಿಗೆ.

ಇನ್ನು ಹಿಮ. 2017ರಲ್ಲಿ ನಮ್ಮ ರಾಜ್ಯದಲ್ಲಿ ‘ವರ್ಷಧಾರೆ’ ಎಂಬ ಹೆಸರಲ್ಲಿ ವಿಮಾನದಿಂದ ಮೋಡ ಬಿತ್ತನೆ ಮಾಡಿದ್ದು ನಿಮಗೆ ನೆನಪಿರಬಹುದು. ಮೋಡ ಬಿತ್ತನೆಯಲ್ಲಿ ಬಳಸುವ ಸಿಲ್ವರ್ ಅಯೋಡೈಡ್ ಒಂದು ಹಿಮಬೀಜ. ಅದರ ಹರಳಿನ ರಚನೆ ಹಿಮದ ರಚನೆಗೆ ಹತ್ತಿರ. ಹಾಗಾಗಿ ನೀರಿನ ಅಣುಗಳು ಅದರ ಮೇಲೆ ಸುಲಭವಾಗಿ ಹಿಮವಾಗಿ ಕೂರುತ್ತವೆ. 1946ರಲ್ಲಿ ಅಮೆರಿಕದ ಬರ್ನಾರ್ಡ್ ವೊನೆಗಟ್ ಇದನ್ನು ಕಂಡುಕೊಂಡರು. ಧ್ರುವದ ಮೇಲಿನ ಮೋಡ ಇದೇ ಕೆಲಸವನ್ನು ಬಿಟ್ಟಿಯಾಗಿ ಮಾಡುತ್ತದೆ. ಅದು ಕಳಿಸುವುದು ಬೀಜವನ್ನಲ್ಲ, ಆಗಲೇ ಬೆಳೆದ ಹರಳನ್ನೇ. ವಿಜ್ಞಾನಿಗಳು ಇದನ್ನು ಸೀಡರ್-ಫೀಡರ್ ಎನ್ನುತ್ತಾರೆ. ಮೇಲಿನದು ಬಿತ್ತುವ ಮೋಡ, ಕೆಳಗಿನದು ಉಣಿಸುವ ಮೋಡ.

ಲೀಟರಿಗೆ ಒಂದು ಹರಳು ಎಂದಿದ್ದೆನಲ್ಲ, ಇಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ಕೆಳಗಿನ ಮೋಡ ಮೈನಸ್ 8 ಡಿಗ್ರಿಯಲ್ಲಿದೆ ಎಂದುಕೊಳ್ಳಿ. ಆ ಚಳಿಗೆ ಅದರ ಸ್ವಂತ ಬೀಜಗಳು ಬಹುಪಾಲು ಕೆಲಸ ಮಾಡುವುದೇ ಇಲ್ಲ. ಅದು ಹೆಚ್ಚುಕಮ್ಮಿ ಬರಿ ನೀರಿನ ಮೋಡ, ಆರಾಮಾಗಿ ದಿನ ದೂಡುತ್ತಿದೆ. ಮೇಲಿನ ಪದರ ಮೈನಸ್ 20ರಲ್ಲಿದೆ, ಅಲ್ಲಿ ಹರಳು ಹುಟ್ಟುತ್ತವೆ. ಅವುಗಳಲ್ಲಿ ಲೀಟರಿಗೆ ಎರಡು ಮೂರು ಕೆಳಗೆ ಬಂದು ತಲುಪಿದರೂ ಕೆಳಗಿನ ಮೋಡದ ಬಾಳೇ ಬದಲಾಗುತ್ತದೆ. ಹರಳು ಹನಿಗಳ ಆವಿಯನ್ನು ತಿನ್ನುತ್ತದೆ. ದಪ್ಪಗಾದ ಹರಳು ಬೀಳುತ್ತಾ ಹನಿಗಳಿಗೆ ಡಿಕ್ಕಿ ಹೊಡೆದು ಅವನ್ನು ಮೈಗೆ ಅಂಟಿಸಿಕೊಳ್ಳುತ್ತದೆ. ಹಾಗೆ ಅಂಟಿದ ಹನಿ ಹೆಪ್ಪುಗಟ್ಟುವಾಗ ಕೆಲವೊಮ್ಮೆ ಸಣ್ಣ ಚೂರುಗಳು ಸಿಡಿಯುತ್ತವೆ, ಒಂದೊಂದು ಚೂರೂ ಹೊಸ ಹರಳು. ಮೈನಸ್ 3ರಿಂದ ಮೈನಸ್ 8 ಡಿಗ್ರಿಯೊಳಗೆ ಹೀಗಾಗುತ್ತದೆ ಎಂದು 1974ರಲ್ಲಿ ಹ್ಯಾಲೆಟ್ ಮತ್ತು ಮೊಸಪ್ ಎಂಬ ವಿಜ್ಞಾನಿಗಳು ತೋರಿಸಿದರು. ಒಂದು ಮೂರಾಗಿ, ಮೂರು ಮೂವತ್ತಾಗಿ ಹೋದರೆ ಕೆಳಗಿನ ಮೋಡದ ನೀರು ಖಾಲಿ. ಉಳಿದ ಹಿಮ ಉದುರಿಹೋಗಿ ಆಕಾಶ ತೆರೆದುಕೊಳ್ಳಬಹುದು. ಬಿದ್ದ ಹರಳು ತೀರಾ ಕಡಿಮೆ ಇದ್ದರೆ ಅಷ್ಟೆಲ್ಲ ಆಗುವುದಿಲ್ಲ. ಸ್ವಲ್ಪ ಹಿಮ ಉದುರುತ್ತದೆ, ಮೋಡ ಮತ್ತೆ ಚೇತರಿಸಿಕೊಳ್ಳುತ್ತದೆ.

ಆದರೆ ಹರಳು ತಲುಪಬೇಕಲ್ಲ! ನನ್ನ ಕೇಳಿದರೆ ಈ ವಿಷಯದಲ್ಲಿ ಎಲ್ಲರೂ ಮೋಡಗಳನ್ನೇ ನೋಡುತ್ತಾ ಕೂರುತ್ತಾರೆ, ನೋಡಬೇಕಾದದ್ದು ನಡುವಿನ ಖಾಲಿ ಜಾಗವನ್ನು. ಸಣ್ಣ ಹಿಮದ ಹರಳು ಸೆಕೆಂಡಿಗೆ ಅರ್ಧ ಮೀಟರ್ ಆಸುಪಾಸಿನಲ್ಲಿ ಬೀಳುತ್ತದೆ. ನೀವು ಹೇಳಿದ ಅರ್ಧ ಕಿಲೋಮೀಟರ್ ದಾಟಲು ಸಾವಿರ ಸೆಕೆಂಡ್, ಅಂದರೆ ಹದಿನೇಳು ನಿಮಿಷ ಬೇಕು. ಆ ಹದಿನೇಳು ನಿಮಿಷವೂ ಅದು ಸುತ್ತಲಿನ ಗಾಳಿಯ ಕೈಯಲ್ಲಿ. ಗಾಳಿ ಒಣಗಿದ್ದರೆ ಹರಳು ಕರಗದೆಯೇ ಆವಿಯಾಗುತ್ತಾ ಸವೆಯುತ್ತದೆ. ಸಣ್ಣವು ದಾರಿಯಲ್ಲೇ ಮುಗಿದುಹೋಗುತ್ತವೆ, ದೊಡ್ಡವು ಅರ್ಧ ಸವೆದು ತಲುಪುತ್ತವೆ. ಗಾಳಿಯಲ್ಲಿ ಹಿಮದ ಗಡಿಗಿಂತ ಜಾಸ್ತಿ ಆವಿ ಇದ್ದರೆ ಕಥೆ ಉಲ್ಟಾ. ಹರಳು ಬೀಳುತ್ತಲೇ ಬೆಳೆಯುತ್ತದೆ, ಹೊರಟದ್ದಕ್ಕಿಂತ ದೊಡ್ಡದಾಗಿ ಬಂದು ಇಳಿಯುತ್ತದೆ. ಹನಿಗೆ ಒಣ, ಹರಳಿಗೆ ಒದ್ದೆ ಎಂದೆನಲ್ಲ, ಅಂಥ ಗಾಳಿ ಧ್ರುವದಲ್ಲಿ ಧಾರಾಳ. ಅಲ್ಲಿ ಮೋಡವಿಲ್ಲ, ಆದರೂ ಹರಳಿಗೆ ಊಟ ಇದೆ.

ಇದರಲ್ಲಿ ನನಗೆ ಬಹಳ ಇಷ್ಟವಾಗುವ ಸಂಗತಿ ಬೇರೆ ಇದೆ. ಮೊದಲು ಬಿದ್ದ ಹರಳುಗಳು ದಾರಿಯಲ್ಲಿ ಸವೆದುಹೋದವು ಎಂದುಕೊಳ್ಳಿ. ಅವುಗಳ ಆವಿ ಎಲ್ಲಿ ಹೋಯಿತು? ಆ ಖಾಲಿ ಜಾಗದಲ್ಲೇ ಉಳಿಯಿತು. ಆವಿಯಾಗುವಾಗ ಗಾಳಿಯ ಶಾಖವನ್ನೂ ಸ್ವಲ್ಪ ತೆಗೆದುಕೊಂಡಿತು. ಜಾಗ ಒದ್ದೆಯಾಯಿತು, ಸ್ವಲ್ಪ ತಣ್ಣಗೂ ಆಯಿತು. ಹಿಂದೆ ಬಂದ ಹರಳುಗಳಿಗೆ ಸವೆತ ಕಡಿಮೆ. ಹೀಗೆ ಬೀಳುತ್ತಾ ಬೀಳುತ್ತಾ ದಾರಿ ಮೇಲಿನಿಂದ ಕೆಳಕ್ಕೆ ತೆರೆದುಕೊಳ್ಳುತ್ತದೆ. ಬೆಳಗ್ಗೆ ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಪದರಗಳು ಸಂಜೆ ಹೊತ್ತಿಗೆ ಒಂದರ ಹಿಮ ಇನ್ನೊಂದಕ್ಕೆ ಬೀಳುವ ಜೋಡಿಯಾಗಬಹುದು. ನಡುವೆ ಗಾಳಿ ಅಡ್ಡ ಬೀಸಿ ಹೊಸ ಒಣ ಗಾಳಿಯನ್ನು ತಂದು ತುಂಬಿದರೆ ಮಾತ್ರ ಮಾಡಿದ ಕೆಲಸ ಹಾಳು.

ಕೊಡಚಾದ್ರಿ ವಿಷಯಕ್ಕೆ ಬರೋಣ. ಅದರ ಎತ್ತರ 1,343 ಮೀಟರ್. ಮಳೆಗಾಲದಲ್ಲಿ ನಮ್ಮ ಮೇಲೆ ಸೊನ್ನೆ ಡಿಗ್ರಿ ಸಿಗುವುದು 5 ಕಿಲೋಮೀಟರಿಗೂ ಮೇಲೆ. ಹಾಗಾಗಿ ಬೆಟ್ಟದ ಸೊಂಟಕ್ಕೊಂದು, ತಲೆಗೊಂದು ಎಂದು ನೀವು ನೋಡುವ ಪದರಗಳೆಲ್ಲ ಬರಿ ನೀರು. ಹಿಮದ ಆಟ ಅಲ್ಲಿಲ್ಲ. ಮುಂಗಾರಿನಲ್ಲಿ ಘಟ್ಟದ ಮಳೆಯ ಬಹಳಷ್ಟು ಪಾಲು ಇಂಥ ತಗ್ಗು ಮೋಡಗಳದೇ. ಹನಿಗೆ ಹನಿ ಡಿಕ್ಕಿಯಾಗಿ ಕೂಡಿ ದೊಡ್ಡದಾಗುವ ಮಳೆ ಅದು, ಹಿಮದ ಸಹಾಯ ಬೇಕಿಲ್ಲ.

ಆದರೂ ಬಿತ್ತುವ-ಉಣಿಸುವ ಲೆಕ್ಕ ಗುಡ್ಡಕ್ಕೆ ಹೊಂದುತ್ತದೆ. ಇದನ್ನೂ ಹೇಳಿದ್ದು ಅದೇ ಬೆರ್ಜೆರಾನ್. ಗಾಳಿ ಗುಡ್ಡ ಹತ್ತುವಾಗ ಅದರ ತಲೆಗೆ ಟೋಪಿಯಂತೆ ಮೋಡ ಕೂರುತ್ತದೆ. ಕುಂದಾದ್ರಿಗೆ ಕೂರುತ್ತದಲ್ಲ, ಹಾಗೆ. ಅದರ ಹನಿಗಳು ಎಷ್ಟು ಸಣ್ಣವೆಂದರೆ ಅವಷ್ಟೇ ಆದರೆ ಬೀಳುವುದೇ ಇಲ್ಲ, ಎಲೆಗೆ ಬಟ್ಟೆಗೆ ತಾಗಿ ಒದ್ದೆ ಮಾಡುತ್ತವೆ, ಅಷ್ಟೇ. ಅದರ ಮೇಲಿನ ಮೋಡದಿಂದ ಮಳೆ ಬಿದ್ದರೆ ಒಂದೊಂದು ದಪ್ಪ ಹನಿಯೂ ಈ ಟೋಪಿಯನ್ನು ತೂರಿ ಬರುವಾಗ ಸಣ್ಣ ಹನಿಗಳನ್ನು ಗುಡಿಸಿಕೊಂಡು ಬರುತ್ತದೆ. ಬಯಲಿನಲ್ಲಿ ಸೋನೆ, ಗುಡ್ಡದ ಮೇಲೆ ಜಡಿಮಳೆ. ಬ್ರಿಟನ್ನಿನ ಗುಡ್ಡಗಳಲ್ಲಿ ಇದನ್ನು ಚೆನ್ನಾಗಿ ಅಳೆದು ನೋಡಿದ್ದಾರೆ. ಧ್ರುವಕ್ಕೂ ಇಲ್ಲಿಗೂ ದೊಡ್ಡ ವ್ಯತ್ಯಾಸ ಆ ನಡುವಿನ ಜಾಗದ್ದೇ. ಎರಡು ಮಿಲಿಮೀಟರ್ ದಪ್ಪದ ಮಳೆಹನಿ ಸೆಕೆಂಡಿಗೆ ಆರು ಮೀಟರಿಗೂ ಜಾಸ್ತಿ ವೇಗದಲ್ಲಿ ಬೀಳುತ್ತದೆ. ಅರ್ಧ ಕಿಲೋಮೀಟರ್ ದಾಟಲು ಒಂದೂವರೆ ನಿಮಿಷವೂ ಬೇಡ. ಪುನರ್ವಸು ಮಳೆಯ ಹೊತ್ತಿಗೆ ಇಲ್ಲಿನ ಗಾಳಿಯಲ್ಲಿ ಒಣಗುವ ಮಾತೇ ಇಲ್ಲ. ಹಾಗಾಗಿ ನಮ್ಮಲ್ಲಿ ಖಾಲಿ ಜಾಗ ಲೆಕ್ಕಕ್ಕೆ ಬರುವುದು ಕಡಿಮೆ, ಅಲ್ಲಿ ಅದೇ ಯಜಮಾನ.

ಇದನ್ನೆಲ್ಲ ಅಳೆಯುವುದು ಹೇಗೆ ಎಂದು ಮಗಳಿಗೆ ಕುತೂಹಲ ಇರಬಹುದು. ಹಿಮಗಟ್ಟಿದ ಸಮುದ್ರದಲ್ಲಿ ಹಡಗನ್ನೇ ಸಿಕ್ಕಿಸಿಕೊಂಡು ವರ್ಷವಿಡೀ ತೇಲಿ ಅಳೆದದ್ದಿದೆ. 1997-98ರಲ್ಲಿ ಶೀಬಾ ಎಂಬ ಯೋಜನೆ ಹಾಗೆ ಮಾಡಿತು. 2019-20ರಲ್ಲಿ ಜರ್ಮನಿಯ ಪೋಲಾರ್‌ಸ್ಟರ್ನ್ ಹಡಗು ಮೊಸಾಯಿಕ್ ಯೋಜನೆಗಾಗಿ ಹಾಗೇ ತೇಲಿತು. ನೆಲದ ಮೇಲೆ ನೋಡಬೇಕಾದರೆ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹದ ನೈ-ಆಲೆಸುಂಡ್. 79 ಡಿಗ್ರಿ ಉತ್ತರ ಅಕ್ಷಾಂಶದ ಈ ಪುಟ್ಟ ಊರಲ್ಲಿ ನಮ್ಮ ದೇಶದ ‘ಹಿಮಾದ್ರಿ’ ಕೇಂದ್ರ 2008ರಿಂದ ಇದೆ. ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಅದನ್ನು ನೋಡಿಕೊಳ್ಳುತ್ತದೆ. 2023ರ ಡಿಸೆಂಬರಿನಿಂದ ಚಳಿಗಾಲದಲ್ಲೂ ನಮ್ಮವರು ಅಲ್ಲಿಗೆ ಹೋಗಲು ಶುರು ಮಾಡಿದ್ದಾರೆ. ದಕ್ಷಿಣ ಧ್ರುವದ ಕಡೆ ನಮ್ಮ ಮೈತ್ರಿ, ಭಾರತಿ ಕೇಂದ್ರಗಳಿವೆ. ಅಲ್ಲಿ ಖಂಡದ ಒಳಗೆ ಚಳಿಯೂ ಒಣತನವೂ ವಿಪರೀತ. ಈ ಬಗೆಯ ಮೋಡ ಹೆಚ್ಚಾಗಿ ಕರಾವಳಿ ಮತ್ತು ಸುತ್ತಲಿನ ಸಮುದ್ರದ ಮೇಲೆ.

ಉಪಕರಣಗಳಲ್ಲಿ ಮುಖ್ಯವಾದವು ಲೈಡಾರ್ ಮತ್ತು ರಾಡಾರ್. ಎರಡೂ ಅರ್ಧ ಸತ್ಯ ಹೇಳುತ್ತವೆ. ಲೈಡಾರ್ ಬಿಡುವುದು ಬೆಳಕು. ಸಾವಿರಾರು ಸಣ್ಣ ಹನಿಗಳನ್ನು ಅದು ಚೆನ್ನಾಗಿ ಕಾಣುತ್ತದೆ. ಆದರೆ ನೆಲದಿಂದ ಬಿಟ್ಟ ಬೆಳಕು ಮೊದಲ ನೀರಿನ ಪದರದಲ್ಲೇ ಮುಗಿದುಹೋಗುತ್ತದೆ, ಮೇಲೆ ಇನ್ನೊಂದು ಮೋಡ ಇದೆಯೇ ಎಂದು ಅದಕ್ಕೆ ಗೊತ್ತೇ ಆಗುವುದಿಲ್ಲ. ರಾಡಾರ್ ಎಲ್ಲ ಪದರಗಳನ್ನೂ ದಾಟುತ್ತದೆ. ಆದರೆ ಅದಕ್ಕೆ ಗಾತ್ರದ ಮೋಹ. ಕಣದ ಅಗಲ ಹತ್ತುಪಟ್ಟಾದರೆ ವಾಪಸ್ ಬರುವ ರೇಡಿಯೋ ಅಲೆಯ ಬಲ ಹತ್ತು ಲಕ್ಷ ಪಟ್ಟು. ಹಾಗಾಗಿ ಅದು ಹಿಮದ ಹರಳನ್ನು ಮಾತ್ರ ಎದ್ದು ತೋರಿಸುತ್ತದೆ, ಹನಿಗಳು ಅದರ ನೆರಳಲ್ಲಿ ಮರೆಯಾಗುತ್ತವೆ. ಮೇಲಿನ ಮೋಡದಿಂದ ಕೆಳಗಿನದಕ್ಕೆ ಹಿಮ ಬೀಳುತ್ತಿರುವಾಗ ರಾಡಾರ್ ಪರದೆ ನೋಡಿದರೆ ನಡುವೆ ಖಾಲಿ ಜಾಗವೇ ಕಾಣುವುದಿಲ್ಲ. ಎರಡು ಕಿಲೋಮೀಟರ್ ದಪ್ಪದ ಒಂದೇ ಮೋಡ ಎಂದು ಬರೆದುಕೊಂಡುಬಿಡುವ ಅಪಾಯ ಇದೆ. ಅಲ್ಲಿ ನಿಜ ಹೇಳುವುದು ಹಳೇ ಕಾಲದ ಬಲೂನು. ತೇವಾಂಶ ಅಳೆಯುತ್ತಾ ಮೇಲೇರುವ ಬಲೂನಿಗೆ ಖಾಲಿ ಜಾಗ ತಪ್ಪುವುದಿಲ್ಲ.

ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಹವಾಮಾನ ಮಾದರಿಗಳ ಕಥೆಯೂ ಇಷ್ಟೇ. ಹಳೆಯ ಮಾದರಿಗಳು ಮೋಡದಲ್ಲಿ ನೀರೆಷ್ಟು ಹಿಮವೆಷ್ಟು ಎಂಬುದನ್ನು ಬರಿ ಉಷ್ಣಾಂಶ ನೋಡಿ ಹಂಚಿಬಿಡುತ್ತಿದ್ದವು. ಬೀಜ ಇದೆಯೋ ಇಲ್ಲವೋ, ಮೇಲಿಂದ ಹಿಮ ಬೀಳುತ್ತಿದೆಯೋ ಇಲ್ಲವೋ ಕೇಳುತ್ತಿರಲಿಲ್ಲ. ನೀರು ಬೇಗ ಖಾಲಿಯಾಗುತ್ತಿತ್ತು. ಈಗ ಪರಿಸ್ಥಿತಿ ಸುಧಾರಿಸಿದೆ. ಆದರೂ ನೂರಾರು ಮೀಟರ್ ದಪ್ಪದ ಅಂತಸ್ತುಗಳಲ್ಲಿ ಲೆಕ್ಕ ಹಾಕುವ ಮಾದರಿಗೆ ಹತ್ತಾರು ಮೀಟರಿನ ನೆತ್ತಿ, ಇನ್ನೂರು ಮೀಟರಿನ ಖಾಲಿ ಜಾಗ ಹಿಡಿಯುವುದು ಕಷ್ಟವೇ.

ಇಷ್ಟು ತೆಳು ಮೋಡದ ಬಗ್ಗೆ ಇಷ್ಟೊಂದು ತಲೆ ಯಾಕೆ ಕೆಡಿಸಿಕೊಳ್ಳಬೇಕು ಎಂದರೆ, ನೆಲದ ಬಿಸಿಯ ಲೆಕ್ಕ ಇದರ ಕೈಯಲ್ಲಿದೆ. ಚಳಿಗಾಲದ ಧ್ರುವದಲ್ಲಿ ಆಕಾಶ ತೆರೆದಿದ್ದರೆ ಹಿಮದ ನೆಲ ಚದರ ಮೀಟರಿಗೆ 40 ವ್ಯಾಟ್ ಆಸುಪಾಸು ಕಳೆದುಕೊಳ್ಳುತ್ತದೆ. ನೀರಿರುವ ತಗ್ಗು ಮೋಡ ಮುಚ್ಚಿದರೆ ನಷ್ಟ ಹೆಚ್ಚುಕಮ್ಮಿ ಸೊನ್ನೆ. 2012ರ ಜುಲೈ ಮಧ್ಯದಲ್ಲಿ ಗ್ರೀನ್‌ಲ್ಯಾಂಡಿನ ಹಿಮಹಾಸಿನ ಮೇಲ್ಮೈ ಸುಮಾರು ಶೇಕಡಾ 97ರಷ್ಟು ಕರಗಿತ್ತು, 3,200 ಮೀಟರ್ ಎತ್ತರದ ನೆತ್ತಿಯೂ ಸೇರಿ. ಬೆಚ್ಚಗಿನ ಗಾಳಿ ಬಂದಿತ್ತು ನಿಜ. ಜೊತೆಗೆ ತೆಳುವಾದ ನೀರಿನ ಮೋಡವೂ ಇತ್ತು. ಚದರ ಮೀಟರಿಗೆ 10ರಿಂದ 40 ಗ್ರಾಂ ನೀರು ಇರುವಂಥದ್ದು. ಅದಕ್ಕಿಂತ ದಪ್ಪವಾದರೆ ಬಿಸಿಲನ್ನು ತಡೆಯುತ್ತದೆ, ತೆಳುವಾದರೆ ಶಾಖವನ್ನು ಬಿಟ್ಟುಕೊಡುತ್ತದೆ. ಈ ಹದದಲ್ಲಿ ಮಾತ್ರ ಎರಡೂ ಕಡೆಯಿಂದ ನೆಲ ಬಿಸಿಯಾಗುತ್ತದೆ. ಮೇಲಿಂದ ನಾಲ್ಕು ಹರಳು ಜಾಸ್ತಿ ಬಿದ್ದರೂ ತಪ್ಪಿಹೋಗುವ ಹದ ಇದು. ಮೇಲಿನ ಪದರದ ಲೆಕ್ಕ ಬಿಡಬಾರದು ಎನ್ನುವುದು ಇದಕ್ಕೇ.

ಮಗಳಿಗೆ ಒಂದು ಕೆಲಸ ಹೇಳುತ್ತೇನೆ. ಅಮೆರಿಕದ ವಯೋಮಿಂಗ್ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಪ್ರಪಂಚದ ಬಲೂನು ದಾಖಲೆಗಳು ಬಿಟ್ಟಿ ಸಿಗುತ್ತವೆ. ನೈ-ಆಲೆಸುಂಡ್‌ನ ಸಂಖ್ಯೆ 01004, ನಮಗೆ ಹತ್ತಿರದ ಮಂಗಳೂರಿನದು 43285. ಎರಡನ್ನೂ ಪಕ್ಕಪಕ್ಕ ಇಟ್ಟು ಎತ್ತರ, ಉಷ್ಣಾಂಶ, ತೇವಾಂಶದ ಕಾಲಂ ನೋಡಲಿ. ತೇವಾಂಶ ನೂರರ ಹತ್ತಿರ ಇರುವಲ್ಲಿ ನೀರಿನ ಮೋಡ, ಕುಸಿದಲ್ಲಿ ಖಾಲಿ ಜಾಗ. ಒಂದು ಎಚ್ಚರ ಬೇಕು. ಬಲೂನು ಕೊಡುವ ತೇವಾಂಶ ನೀರಿನ ಲೆಕ್ಕದ್ದು, ಹಿಮದ್ದಲ್ಲ. ಮೈನಸ್ 10 ಡಿಗ್ರಿಯಲ್ಲಿ ಶೇಕಡಾ 91, ಮೈನಸ್ 20ರಲ್ಲಿ 82, ಮೈನಸ್ 30ರಲ್ಲಿ 75 ಎಂದಿದ್ದರೆ ಹಿಮಕ್ಕೆ ಅದೇ ನೂರು. ಹಾಗಾಗಿ ಮೈನಸ್ 20ರ ಖಾಲಿ ಜಾಗದಲ್ಲಿ 85 ಕಂಡರೆ ಒಣ ಎಂದು ಬರೆಯಬಾರದು, ಅಲ್ಲಿ ಹರಳು ಬೆಳೆಯುತ್ತಿದೆ. 60 ಕಂಡರೆ ಜಾಗದ ಎತ್ತರವನ್ನು ಅರ್ಧ ಮೀಟರ್ ವೇಗದಿಂದ ಭಾಗಿಸಿ, ಹರಳು ಎಷ್ಟು ನಿಮಿಷ ಆ ಒಣ ಗಾಳಿಯಲ್ಲಿ ಇರಬೇಕು ಎಂದು ಲೆಕ್ಕ ಹಾಕಲಿ. ಜನವರಿಯ ಒಂದು ವಾರದ ದಾಖಲೆ ಸಾಕು, ಎರಡು ಪದರ ಇದ್ದ ದಿನಗಳಲ್ಲಿ ಯಾವಾಗ ದಾರಿ ತೆರೆದಿತ್ತು, ಯಾವಾಗ ಮುಚ್ಚಿತ್ತು ಎಂದು ಅವಳೇ ಪಟ್ಟಿ ಮಾಡಬಹುದು.